ನಿನ್ನ ಶಾರ್ಟ್ ಫಿಲಂ ಬಗ್ಗೆ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದ.

ನೀನು ಕಳ್ಸಿದ್ದ ಸ್ಕ್ರಿಪ್ಟ್ ಪೂರ್ತಿ ಓದಿದೆ ಕಣೋ. ಮೊಬೈಲು ಬಂದು ಮನುಷ್ಯ ಮನುಷ್ಯನಿಗೆ ಹೆಂಗೆ ದೂರ ಆದ ಅಂತ ಫಿಲಂ ಮಾಡೋ ಆಸೆ ಒಳ್ಳೇದೇ, ಆದ್ರೆ ಕೊನೇಲಿ ನಾಲ್ಕೂ ಜನ ಫ್ರೆಂಡ್ಸು ಕುಂದವಾಡ ಕೆರೆಗೆ ಹೋಗಿ ಫೋನ್ ಎಸೆದು ತಬ್ಕೊಂಡು ನಗ್ತಾರೆ ಅಂತ ಬರ್ದಿದೀಯಲ್ಲ, ಅದನ್ನ ತೆಗ್ದಾಕಪ್ಪ. ಯಾರೂ ಹಂಗೆ ಎಸೆಯಲ್ಲ, ನಿನ್ನ ಫಿಲಂನೂ ಜನ ಫೋನಲ್ಲೇ ನೋಡೋದು. ಇದು ನನ್ ಕಥೆ ಅಲ್ಲ ಅಂತ ಅವರಿಗೆ ಅನ್ಸಿದ್ರೆ ಮುಗೀತು.

ಫೋನನ್ನೇ ವಿಲನ್ ಮಾಡ್ಬೇಡ. ನಿಮ್ಮಜ್ಜಿನ ನೋಡು, ಬೆಂಗಳೂರಲ್ಲಿರೋ ಮರಿಮೊಮ್ಮಗನ ಜೊತೆ ವಿಡಿಯೋ ಕಾಲ್ ಅಂದ್ರೆ ಫೋನನ್ನ ಸಕ್ಕರೆ ಡಬ್ಬಿಗೆ ಒರಗ್ಸಿಟ್ಟು ಎಷ್ಟು ಹತ್ರ ಹೋಗ್ತಾಳೆ ಅಂದ್ರೆ ಆ ಕಡೆಯೋರಿಗೆ ಬರೀ ಹಣೆ ಕಾಣ್ತೈತೆ, ಆ ಮಗು ಸ್ಕ್ರೀನಿಗೆ ಮುತ್ತು ಕೊಟ್ರೆ ಇಡೀ ದಿನ ಓಣಿಯೋರಿಗೆಲ್ಲ ಅದನ್ನೇ ಹೇಳ್ಕೊಂಡು ಓಡಾಡ್ತಾಳೆ. ಇದನ್ನ ಬಿಟ್ಟು ಫಿಲಂ ಮಾಡಿದ್ರೆ ಅರ್ಧ ಸುಳ್ಳು ಹೇಳ್ದಂಗೆ.

ಹಂಗಾದ್ರೆ ತಪ್ಪೆಲ್ಲಿ ಅಂತೀಯ? ಮೊದ್ಲು ಇಂಟರ್ನೆಟ್ಟಲ್ಲಿ ಒಂದು ಪೇಜ್ ಮುಗಿದ್ರೆ ಮುಂದಿನದಕ್ಕೆ ಬಟನ್ ಒತ್ಬೇಕಿತ್ತು, ಸಾಕಪ್ಪ ಅನ್ನೋಕೆ ಅಲ್ಲೊಂಚೂರು ಜಾಗ ಇತ್ತು. 2006ರಲ್ಲಿ ಅಜಾ ರಾಸ್ಕಿನ್ ಅನ್ನೋರು ಆ ಬಟನ್ನೇ ಬೇಡ, ಬೆರಳು ಜಾರ್ಸಿದಂಗೆ ಹೊಸದು ತಾನಾಗೇ ಬರ್ಲಿ ಅಂತ ಡಿಸೈನ್ ಮಾಡಿದ್ರು, ಆಮೇಲೆ ಅವರೇ ಅದಕ್ಕೆ ಪಶ್ಚಾತ್ತಾಪಾನೂ ಪಟ್ರು. ಈಗ ರೀಲ್ಸಿಗೆ ಕೊನೆ ಅನ್ನೋದೇ ಇಲ್ಲ. 2014ರಲ್ಲಿ ವಾಟ್ಸಾಪಿಗೆ ನೀಲಿ ಟಿಕ್ ಬಂತು, ಓದಿದಾನೆ ಆದ್ರೂ ಉತ್ತರ ಕೊಟ್ಟಿಲ್ಲ ಅಂತ ಮನಸ್ಸು ಮುರ್ಕೊಂಡೋರು ಎಷ್ಟು ಜನ ಇದಾರೆ ನಿನ್ನ ಕ್ಲಾಸಲ್ಲೇ ಕೇಳಿ ನೋಡು. ಇಂಥ ಸಣ್ಣ ಜಾಗಕ್ಕೆ ಕ್ಯಾಮೆರಾ ತಗಂಡ್ ಹೋಗು.

ಮಂಡಕ್ಕಿ ಅಂಗಡಿ ಸೀನ್ ಇಟ್ಕೋ, ದಾವಣಗೆರೆ ಅಂತ ನೋಡಿದ ತಕ್ಷಣ ಗೊತ್ತಾಗ್ತೈತೆ. ಆದ್ರೆ ನಾಲ್ಕೂ ಜನ ತಲೆ ತಗ್ಸಿರೋದು ಬೇಡ, ಎಲ್ರೂ ಅದನ್ನೇ ತೋರ್ಸಿದಾರೆ. ಇಬ್ಬರು ಸಾಕು. ಒಬ್ಬನಿಗೆ ಕೆಲ್ಸ ಹೋಗೈತೆ, ಹೇಳ್ಕೊಳ್ಳೋಕೆ ಬಂದಿದಾನೆ. 'ಲೇ, ಒಂದ್ ವಿಷ್ಯ ಇತ್ತು' ಅಂತಾನೆ. ಎದುರಿಗಿರೋನು ಕಣ್ಣೆತ್ತದೇ 'ಹ್ಞೂಂ ಹೇಳೋ' ಅಂತಾನೆ. ಇವನು ಮೆಣಸಿನಕಾಯಿ ಮುರೀತಾನೆ, ತಿನ್ನಲ್ಲ, ಸ್ವಲ್ಪ ಹೊತ್ತು ಬಿಟ್ಟು 'ಏನಿಲ್ಲ ಬಿಡು' ಅಂತಾನೆ. ಆಗ ಕ್ಯಾಮೆರಾ ಸುಮ್ನಾದೋನ ಮುಖದ ಮೇಲೇ ಇರ್ಲಿ, ನೋಡೋರಿಗೆ ಕಸಿವಿಸಿ ಆಗೋವರೆಗೂ ಇರ್ಲಿ. ಪಿಟೀಲು ಗಿಟೀಲು ಏನೂ ಹಾಕ್ಬೇಡ, ಬಾಣಲೀಲಿ ಎಣ್ಣೆ ಚುಂಯ್ ಅನ್ನೋದು, ಪಿ.ಬಿ. ರೋಡಿನ ಹಾರನ್ನು ಸಾಕು. ಆ ಗೆಳೆಯನ್ನ ಕೆಟ್ಟೋನು ಅಂತಾನೂ ತೋರಿಸ್ಬೇಡ, ಪಾಪ ಅವನಿಗೆ ಗೊತ್ತೇ ಆಗ್ಲಿಲ್ಲ, ನಂಗೆ ಹೆದ್ರಿಕೆ ಆಗೋದು ಇದೇ ನೋಡು.

ಕೊನೇಲಿ 'ಫೋನ್ ಬಿಡಿ, ಮನುಷ್ಯರನ್ನ ಪ್ರೀತ್ಸಿ' ಅಂತ ಅಕ್ಷರ ಹಾಕಿದೀಯ, ಅದೂ ಬೇಡ. ಅಜ್ಜಿನ ಶೂಟ್ ಮಾಡೋದಿದ್ರೆ ಕೂತು ಮಾತಾಡಿ ಒಪ್ಸು, ಕದ್ದು ತೆಗೀಬೇಡ. ಅಂಗಡಿಯೋರ ಹತ್ರ ನಾನು ಮಾತಾಡ್ತೀನಿ, ಸಂಜೆ ರಶ್ ಶುರುವಾಗೋ ಮುಂಚೆ ಮುಗಿಸ್ಕೊಳ್ರಿ.

ನಿನ್ನ ದೊಡ್ಡಪ್ಪ