ಟೈಮ್ಸ್ ಸ್ಕ್ವೇರಿನ ಪಾದ್ರಿಯನ್ನೂ ನೋಡಿ ಬನ್ನಿ

ಮಾನ್ಯರೇ,

ಭಾನುವಾರದ ಪುರವಣಿಯ ನ್ಯೂಯಾರ್ಕ್ ಪ್ರವಾಸ ಲೇಖನ ಸೊಗಸಾಗಿತ್ತು. ಟೈಮ್ಸ್ ಸ್ಕ್ವೇರಿನ ಝಗಮಗ ಫಲಕಗಳು, ಕೆಂಪು ಮೆಟ್ಟಿಲು, ಜನಜಾತ್ರೆ ಎಲ್ಲವೂ ಬಂದಿದ್ದವು. ಆದರೆ ಆ ಮೆಟ್ಟಿಲುಗಳಿರುವ ಚೌಕಕ್ಕೆ ಯಾರ ಹೆಸರಿದೆ ಎಂಬುದೇ ಬಿಟ್ಟುಹೋಗಿದೆ. ಅದು ಡಫಿ ಸ್ಕ್ವೇರ್. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ಹಿರಿಯರೆಲ್ಲ ಅಲ್ಲಿ ಕೂತು ಫೋಟೊ ತೆಗೆಸಿಕೊಂಡೇ ಬರುತ್ತಾರೆ. ಎದುರಿನ ಕಲ್ಲಿನ ಶಿಲುಬೆಯ ಆಚೆ ಬದಿಗೆ ಒಬ್ಬರು ನಿಂತಿದ್ದಾರೆಂದು ಹೆಚ್ಚಿನವರಿಗೆ ತಿಳಿಯುವುದೇ ಇಲ್ಲ. ಅವರನ್ನು ದೂರಿ ಫಲವಿಲ್ಲ, ಮೆಟ್ಟಿಲು ಕಟ್ಟಿರುವುದೇ ಪ್ರತಿಮೆಯ ಬೆನ್ನಿಗೆ. ಕೆಳಗಿಳಿದು ಮುಂಭಾಗಕ್ಕೆ ಬಂದರೆ ಮಾತ್ರ ಮುಖ ಕಾಣುತ್ತದೆ.

ಅವರು ಫಾದರ್ ಫ್ರಾನ್ಸಿಸ್ ಡಫಿ. 1871ರಲ್ಲಿ ಕೆನಡಾದಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧಕ್ಕೆ ನ್ಯೂಯಾರ್ಕಿನ 69ನೇ ರೆಜಿಮೆಂಟಿನ ಪಾದ್ರಿಯಾಗಿ ಫ್ರಾನ್ಸಿಗೆ ಹೋದರು. ಅದು ಐರಿಷ್ ಮೂಲದವರೇ ತುಂಬಿದ್ದ ಪಡೆ. ಹಿಂದಿನ ಶಿಬಿರದಲ್ಲಿ ಪ್ರಾರ್ಥನೆ ಹೇಳಿಕೊಂಡು ಕೂರುವ ಜಾಯಮಾನ ಅವರದಲ್ಲ. ಗುಂಡು ಹಾರುವ ಕಡೆಗೇ ಸ್ಟ್ರೆಚರ್ ಹೊರುವವರ ಜೊತೆ ನುಗ್ಗುತ್ತಿದ್ದರು, ಗಾಯಾಳುಗಳನ್ನು ಎತ್ತಿ ತರುತ್ತಿದ್ದರು, ಸಾಯುವವರ ಪಕ್ಕದಲ್ಲಿ ಕೂರುತ್ತಿದ್ದರು. ಯುದ್ಧ ಮುಗಿದ ಮೇಲೆ ಟೈಮ್ಸ್ ಸ್ಕ್ವೇರಿಗೆ ಹತ್ತಿರದ, 42ನೇ ಬೀದಿಯ ಹೋಲಿ ಕ್ರಾಸ್ ಚರ್ಚಿನ ಗುರುಗಳಾದರು. ತೀರಿಕೊಂಡದ್ದು 1932ರಲ್ಲಿ.

ಶಿಲ್ಪಿ ಚಾರ್ಲ್ಸ್ ಕೆಕ್ ಮಾಡಿದ ಈ ಕಂಚಿನ ಪ್ರತಿಮೆ 1937ರ ಮೇ ತಿಂಗಳಲ್ಲಿ ಅನಾವರಣಗೊಂಡಿತು. ಹಿಂದಿರುವ ಗ್ರಾನೈಟ್ ಶಿಲುಬೆಯ ಎತ್ತರ ಸುಮಾರು 17 ಅಡಿ. ಫಾದರ್ ಮೈಮೇಲೆ ಸೈನಿಕ ಸಮವಸ್ತ್ರ, ಕೈಯಲ್ಲಿ ಬೈಬಲ್, ಕಾಲ ಬಳಿ ಕಳಚಿಟ್ಟ ಹೆಲ್ಮೆಟ್. ಕುದುರೆಯಿಲ್ಲ, ಬಂದೂಕಿಲ್ಲ. ಯುದ್ಧದ ಪ್ರತಿಮೆ ಎಂದರೆ ಕತ್ತಿ ಎತ್ತಿರಲೇಬೇಕು ಎಂದುಕೊಂಡಿರುವ ನಮ್ಮ ಪ್ರತಿಮೆ ಸಮಿತಿಗಳು ಇದನ್ನೊಮ್ಮೆ ನೋಡಬೇಕು ಅನಿಸಿತು. (ನೋಡಲು ಸರ್ಕಾರಿ ಖರ್ಚಿನಲ್ಲಿ ಹೊರಟಾರು, ಫೋಟೊ ಸಾಕು!)

ಇನ್ನೊಂದು ಕೋರಿಕೆ. ನಮ್ಮ ಸೇನೆಯಲ್ಲೂ ಪಂಡಿತ, ಸಿಖ್ಖರ ಗ್ರಂಥಿ, ಮೌಲವಿ, ಪಾದ್ರಿಗಳು ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ದರ್ಜೆಯ ಧರ್ಮಶಿಕ್ಷಕರಾಗಿ ಇರುತ್ತಾರೆ. ಹಲವು ಘಟಕಗಳಲ್ಲಿ ಎಲ್ಲ ಧರ್ಮದವರಿಗೂ ಒಂದೇ ಸೂರಿನ ‘ಸರ್ವಧರ್ಮ ಸ್ಥಳ’ ಉಂಟು. ಇವರ ಕೆಲಸದ ಬಗ್ಗೆ ಕನ್ನಡದ ಓದುಗರಿಗೆ ಗೊತ್ತಿರುವುದು ತೀರಾ ಕಡಿಮೆ. ಕೊಡಗಿನಲ್ಲಿ ನಿವೃತ್ತ ಯೋಧರಿಗೆ ಬರವಿಲ್ಲ. ಕೇಳಿದರೆ ತಮ್ಮ ಪಲ್ಟನ್ನಿನ ಪಂಡಿತರ, ಪಾದ್ರಿಗಳ ನೆನಪು ಹೇಳಿಯಾರು. ವರದಿಗಾರರನ್ನು ಅತ್ತ ಕಳಿಸಿ ಒಂದು ಲೇಖನ ಬರೆಸಿ.

ಇಂತಿ,
ನಿಮ್ಮ ಓದುಗ, ಮೈಸೂರು