ಅವನ ಪಂಚಮ, ಅವರ ಷಡ್ಜ

ನಾಟಕ ಮುಗಿದು ಇವತ್ತಿಗೆ ಒಂಬತ್ತು ದಿನ. ಮಕ್ಕಳ ಮುಖದ ಬಣ್ಣ ಹೋಗಿದೆ, ಹತ್ತನೆಯವರಿಗೆ ಸಂಜೆಯ ವಿಶೇಷ ತರಗತಿ ಮತ್ತೆ ಶುರುವಾಗಿದೆ. ಸ್ಟಾಫ್ ರೂಮಿನ ಬೀರುವಿನ ಮೇಲೆ ಇಲಿಯ ಕಿವಿಗಳು ಮಾತ್ರ ಇನ್ನೂ ರಾಶಿ ಬಿದ್ದಿವೆ. ಎದುರು ಸಿಕ್ಕ ಕೆಲವರಿಗೆ ಬಾಯಿಮಾತಿನಲ್ಲಿ ಉಪಕಾರ ಹೇಳಿದ್ದೇನೆ. ಅಷ್ಟರಿಂದ ನನಗೆ ಸಮಾಧಾನವಾಗಿಲ್ಲ. ಯಾರು ಏನು ಮಾಡಿದರು ಅನ್ನುವುದು ಊರಿನವರೆಲ್ಲರಿಗೂ ತಿಳಿಯಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ತಾಲೂಕಿನಲ್ಲಿ, ತುಂಗೆಯಿಂದ ಕೂಗಳತೆಯ ದೂರದಲ್ಲಿರುವ ಸರ್ಕಾರಿ ಪ್ರೌಢಶಾಲೆ ನಮ್ಮದು. ನಾನು ಅಲ್ಲಿ ಕನ್ನಡ ಪಾಠ ಮಾಡುವವಳು. ಜಿಲ್ಲಾ ಕೇಂದ್ರದಲ್ಲಿ ಈ ಡಿಸೆಂಬರ್‌ನಲ್ಲಿ ನಡೆದ ಪ್ರೌಢಶಾಲಾ ಮಕ್ಕಳ ನಾಟಕೋತ್ಸವಕ್ಕೆ ನಮ್ಮ ಶಾಲೆ ಹೋಗಿದ್ದು ಇದೇ ಮೊದಲು. 26 ಮಕ್ಕಳು, 40 ನಿಮಿಷ, ಶುರುವಿಂದ ಕೊನೆಯವರೆಗೆ ಹಾಡು. ನಾಟಕ, ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’.

ಬೇರೆ ಯಾವುದಾದರೂ ಹೊಸದು ಮಾಡಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ಜರ್ಮನಿಯ ಹ್ಯಾಮೆಲಿನ್ ಎಂಬ ಊರಿನ ಇಲಿಗಳ ಕಥೆಯನ್ನು ರಾಬರ್ಟ್ ಬ್ರೌನಿಂಗ್ 1842ರಲ್ಲಿ ಇಂಗ್ಲಿಷ್ ಪದ್ಯವಾಗಿ ಪ್ರಕಟಿಸಿದ. ಕುವೆಂಪು ಅದನ್ನು ನಮ್ಮ ನದಿಯ ದಡಕ್ಕೆ ತಂದರು. ವೇಸರ್ ಹೋಗಿ ತುಂಗೆಯಾಯಿತು, ಮೇಯರ್ ಇದ್ದ ಕಡೆ ಗೌಡ ಬಂದ, ಕೊಳಲೂದುವವನ ಜಾಗದಲ್ಲಿ ಕಿಂದರಿ ಎಂಬ ತಂತಿವಾದ್ಯ ನುಡಿಸುವ ಜೋಗಿ ನಿಂತ. ಅಟ್ಟದ ಮೇಲೆ ಇಲಿ ಓಡುವ ಸದ್ದು ಕೇಳುತ್ತಲೇ ನಿದ್ದೆ ಮಾಡಿ ಬೆಳೆದ ನಮ್ಮ ಮಕ್ಕಳಿಗೆ ಈ ಕಥೆಯಲ್ಲಿ ಯಾವುದನ್ನೂ ಬಿಡಿಸಿ ಹೇಳಬೇಕಾಗಿ ಬರಲಿಲ್ಲ. ನಾಲ್ಕು ಮಾತ್ರೆಯ ನಡೆ, ಹೆಜ್ಜೆ ಹಾಕುತ್ತಲೇ ಹೇಳಬಹುದು. ಛಂದಸ್ಸು ಎಂದರೆ ಮುಖ ಕಿವುಚುವ ಒಂಬತ್ತನೆಯ ಹುಡುಗರು ಶಾಲೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಅದನ್ನೇ ಹೇಳಿಕೊಂಡು ನಡೆದರು. ಒಂದು ಭಾನುವಾರ ಎಲ್ಲರನ್ನೂ ಕುಪ್ಪಳಿಗೆ ಕರೆದುಕೊಂಡು ಹೋಗಿದ್ದೆವು. ಕವಿಮನೆಯ ಅಟ್ಟ ನೋಡಿದ ಎಂಟನೆಯ ಹುಡುಗಿಯೊಬ್ಬಳು, “ಇಲ್ಲಿಯೂ ಇಲಿ ಇದ್ದಿರ್ತಾವೆ ಅಲ್ವಾ ಮೇಡಂ” ಎಂದು ಮೆಲ್ಲಗೆ ಕೇಳಿದಳು.

ಈಗ ನಮ್ಮ ಜೋಗಿಯ ವಿಷಯಕ್ಕೆ ಬರುತ್ತೇನೆ. ಈ ಬರಹದ ಮುಕ್ಕಾಲು ಪಾಲು ಅವನದೇ.

ಜೂನ್‌ನಲ್ಲಿ ಜೋಗಿಯ ಪಾತ್ರಕ್ಕೆ ಒಂಬತ್ತನೆಯ ಒಬ್ಬ ಹುಡುಗನನ್ನು ಆರಿಸಿದ್ದೆವು. ಬೆಳಗಿನ ಪ್ರಾರ್ಥನೆಯಲ್ಲಿ ಅವನ ದನಿ ಹುಡುಗಿಯರ ದನಿಗಿಂತ ಒಂದು ಕೂದಲು ಮೇಲೇ ನಿಲ್ಲುತ್ತಿತ್ತು. ಕಪ್ಪು ನಾಲ್ಕರ ಶ್ರುತಿ ಎಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆಯನ್ನು ಷಡ್ಜ, ಅಂದರೆ ‘ಸ’, ಮಾಡಿಕೊಂಡು ಹಾಡುವುದು; ಅದರಲ್ಲಿ ತಾರಷಡ್ಜ, ಮೇಲಿನ ‘ಸ’, ಅವನಿಗೆ ಆಟದ ಹಾಗೆ. ಹಾಡುಗಳನ್ನೆಲ್ಲ ಅವನ ಆ ದನಿಗೇ ಕೂಡಿಸಿಟ್ಟಿದ್ದೆವು. ದಸರಾ ರಜೆ ಮುಗಿಸಿ ಬಂದ. ಮೊದಲ ಹಾಡು ಎತ್ತಿದ. ನಾಲ್ಕನೆಯ ಸ್ವರ ಮಧ್ಯಮ ದಾಟುತ್ತಿದ್ದ ಹಾಗೆ ದನಿ ಎರಡಾಗಿ ಸೀಳಿತು. ಹುಡುಗಿಯರು ನಕ್ಕರು, ಕೆಟ್ಟ ಮನಸ್ಸಿನಿಂದಲ್ಲ, ನಗು ಬಂತು ಅಷ್ಟೆ. ಅವನು ಮತ್ತೆ ಎತ್ತಿದ, ಮತ್ತೆ ಸೀಳಿತು. ಕೈಯಲ್ಲಿದ್ದ ಕರಟದ ಕಿಂದರಿಯನ್ನು ಬೆಂಚಿನ ಮೇಲೆ ಇಟ್ಟು ಹೊರಗೆ ಹೋದವನು ನಲ್ಲಿಯ ಹತ್ತಿರ ಕೂತಿದ್ದ. ನಾನು ಹೋದಾಗ ತಲೆ ಎತ್ತಲಿಲ್ಲ. “ನಾನು ಇಲಿ ಆಗ್ತೀನಿ ಮೇಡಂ. ಜೋಗಿ ಬೇರೆ ಯಾರಿಗಾದ್ರೂ ಕೊಡಿ” ಅಂದ.

ಮನೆಯಲ್ಲೂ ಮಾತು ಬಿಟ್ಟಿದ್ದಾನೆ ಎಂದು ಅವನ ಅಮ್ಮ ಮರುದಿನ ಹೇಳಿದರು. ಕೇಳಿದ್ದಕ್ಕೆ ತಲೆ ಆಡಿಸುತ್ತಾನಂತೆ, ಬಾಯಿ ತೆರೆಯುವುದಿಲ್ಲವಂತೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಅವನನ್ನು ಎದುರು ಕೂರಿಸಿಕೊಂಡು, ದೊಡ್ಡವರಿಗೆ ಹೇಳುವ ಹಾಗೆ ಹೇಳಿದರು. ಈ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತು ಉದ್ದವಾಗಿ ದಪ್ಪವಾಗುತ್ತದೆ, ಗಂಡುಮಕ್ಕಳ ದನಿ ಸುಮಾರು ಒಂದು ಸ್ಥಾಯಿ, ಅಂದರೆ ಮೇಲಿನ ‘ಸ’ದಿಂದ ಕೆಳಗಿನ ‘ಸ’ದಷ್ಟು, ಕೆಳಗಿಳಿಯುತ್ತದೆ. ಕಿರುಚಬೇಡ, ಪಿಸುಗುಟ್ಟಲೂ ಬೇಡ, ಬಿಸಿನೀರು ಕುಡಿ, ಸಾಮಾನ್ಯವಾಗಿ ಮಾತಾಡು. ರೋಗಿಗಳ ಸಾಲು ಹೊರಗೆ ನಿಂತಿದ್ದರೂ ಹತ್ತು ನಿಮಿಷ ಕೊಟ್ಟ ಆ ವೈದ್ಯರಿಗೆ ನಮಸ್ಕಾರ. ಅವತ್ತು ಸಂಜೆ ಹುಡುಗ ಮನೆಯಲ್ಲಿ ಮಾತಾಡಿದ.

ಮಾತು ಬಂತು, ಹಾಡು ಬರಬೇಕಲ್ಲ. ಆಗ ಬಂದವರು ಪೇಟಿ ಮೇಷ್ಟ್ರು. ಅವರು ಶಾಲೆಯ ಮೇಷ್ಟ್ರಲ್ಲ. ನಮ್ಮೂರಿನ ಭಜನೆ ಮಂಡಳಿಗೆ, ಜಾತ್ರೆಯ ಸಾಮಾಜಿಕ ನಾಟಕಗಳಿಗೆ ನಲವತ್ತು ವರ್ಷ ಹಾರ್ಮೋನಿಯಂ ನುಡಿಸಿದ ಹಿರಿಯರು. ಈಗ ಮಂಡಿನೋವು, ಹೊರಗೆ ಬರುವುದು ಕಡಿಮೆ. ಆಟೋದಲ್ಲಿ ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು, “ದನಿ ಎಲ್ಲೂ ಹೋಗ್ಲಿಲ್ಲ ಮಾರಾಯ, ಮನೆ ಬದಲು ಮಾಡಿದೆ. ಈಗ ಎಲ್ಲಿ ಕೂತಿದೆ ಅಂತ ನೋಡುವಾ” ಅಂದರು.

ಬಿಳಿ ಐದು ಒತ್ತಿದರು, ಆಗಲಿಲ್ಲ. ಬಿಳಿ ನಾಲ್ಕು, ಇಲ್ಲ. ಕಪ್ಪು ಎರಡರಲ್ಲಿ ಸ್ವಲ್ಪ ನಿಂತು ನಡುಗಿತು. ಕಪ್ಪು ಒಂದಕ್ಕೆ ಇಳಿದಾಗ ಹುಡುಗ ಷಡ್ಜ ಹಿಡಿದ. ನೆಲದ ಮೇಲೆ ಕಾಲೂರಿ ನಿಂತ ಹಾಗೆ. ಮೇಷ್ಟ್ರು ಒಂದೊಂದೇ ಮನೆ ಮೇಲೆ ಹತ್ತಿಸಿದರು. ರಿಷಭ, ಗಾಂಧಾರ, ಮಧ್ಯಮ. ಪಂಚಮ ಬಂತು, ಚೆನ್ನಾಗಿಯೇ ಬಂತು. ಧೈವತಕ್ಕೆ ಕಾಲಿಟ್ಟ ಕೂಡಲೇ ಸೀಳಿತು. “ಸಾಕು, ಐದು ಸ್ವರ ಇದೆ. ಕಿಂದರಿ ಹಿಡಿದು ಊರೂರು ತಿರುಗುವವನಿಗೆ ಇದಕ್ಕಿಂತ ಜಾಸ್ತಿ ಎಂತಕ್ಕೆ?” ಎಂದು ಅಲ್ಲೇ ಕೂತು ಜೋಗಿಯ ಹಾಡಿಗೆಲ್ಲ ಹೊಸ ಮಟ್ಟು ಕಟ್ಟಿದರು. ಐದೇ ಸ್ವರ.

ಇನ್ನೊಂದು ತೊಡಕು ಉಳಿದಿತ್ತು. ಜೋಗಿಯ ಹಿಂದೆ ಊರಿನ ಮಕ್ಕಳು ಹಾಡಿಕೊಂಡು ಹೋಗಬೇಕು, ಆ ಮಕ್ಕಳಲ್ಲಿ ಹೆಚ್ಚಿನವರು ಹುಡುಗಿಯರು. ಕಪ್ಪು ಒಂದು ಅವರಿಗೆ ತೀರ ಕೆಳಗೆ, ಷಡ್ಜ ಹಿಡಿಯಹೋದರೆ ಬರೀ ಉಸಿರು ಬರುತ್ತಿತ್ತು. ಜೋಗಿಗೆ ಒಂದು ಶ್ರುತಿ, ಮಕ್ಕಳಿಗೆ ಒಂದು ಶ್ರುತಿ ಎಂದರೆ ನಡುವೆ ಹಾಡು ನಿಲ್ಲಿಸಿ ಪೇಟಿ ಬದಲಿಸಬೇಕು, ನಾಟಕ ಅಲ್ಲೇ ಕುಸಿಯುತ್ತದೆ. ಮೇಷ್ಟ್ರು ತುಂಬ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಹುಡುಗನಿಗೆ, “ನಿನ್ನ ಪಂಚಮ ಹಿಡಿ, ಬಿಡಬೇಡ” ಅಂದರು. ಹಿಡಿದ. ಅವರ ಬೆರಳು ಇದ್ದ ಮನೆಯನ್ನು ನನಗೆ ತೋರಿಸಿದರು. ಕಪ್ಪು ನಾಲ್ಕು. ಹುಡುಗಿಯರು ಜೂನ್‌ನಿಂದ ಹಾಡುತ್ತಿದ್ದ ಷಡ್ಜ ಅದೇ.

ಅವನ ಪಂಚಮವೇ ಇವರ ಷಡ್ಜ. ಅವನಿಗೆ ಅದರಾಚೆ ದಾರಿ ಇಲ್ಲ, ಇವರ ದಾರಿ ಅಲ್ಲಿಂದಲೇ ಶುರು. ಜೋಗಿ ತನ್ನ ಕೊನೆಯ ಸ್ವರವನ್ನು ಹಿಡಿದು ನಿಲ್ಲುತ್ತಾನೆ, ಊರಿನ ಒಬ್ಬ ಹುಡುಗಿ ಬಾಗಿಲಿಂದ ಬಂದು ಅದೇ ಸ್ವರ ಎತ್ತಿಕೊಳ್ಳುತ್ತಾಳೆ, ಆಮೇಲೆ ಇನ್ನೊಬ್ಬಳು, ಆಮೇಲೆ ಊರಿಗೆ ಊರೇ. ಮಕ್ಕಳು ಯಾಕೆ ಅವನ ಹಿಂದೆ ಹೋದರು ಎಂದು ಹದಿನಾರು ವರ್ಷದಿಂದ ಈ ಪದ್ಯ ಪಾಠ ಮಾಡುತ್ತ ಬಂದಿದ್ದೇನೆ. ಅವತ್ತು ಸಂಜೆ ಆ ಕೋಣೆಯಲ್ಲಿ ನನಗೆ ಕಿವಿಯಲ್ಲಿ ಗೊತ್ತಾಯಿತು. ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳಲು ಬಂದರೆ ಮಂಡಿನೋವು ಎಂದು ನೀವೇ ಕಾಲು ಹಿಂದೆ ತೆಗೆದುಕೊಂಡಿರಿ. ಇಲ್ಲಿಂದಲೇ ನಮಸ್ಕಾರ ಮಾಡುತ್ತಿದ್ದೇನೆ.

ಜೋಗಿಯಾದ ಮಗನೇ, ನಿನಗೂ. ಹದಿನಾಲ್ಕು ವರ್ಷಕ್ಕೆ, ನಿನ್ನದೇ ದನಿ ನಿನ್ನ ಮಾತು ಕೇಳದಿರುವಾಗ, ಅದನ್ನೇ ಇಟ್ಟುಕೊಂಡು ಸಾವಿರ ಜನರ ಮುಂದೆ ಹಾಡಲು ಒಪ್ಪುವುದು ಸಣ್ಣ ಮಾತಲ್ಲ. ನನಗೆ ಆ ಧೈರ್ಯ ಇರುತ್ತಿರಲಿಲ್ಲ.

ನಾಟಕವನ್ನು ಕಟ್ಟಿದ ನಿರ್ದೇಶಕಿ ಹೆಗ್ಗೋಡಿನಲ್ಲಿ ಕಲಿತ ಹುಡುಗಿ. 1949ರಲ್ಲಿ ಹುಟ್ಟಿದ ಅಲ್ಲಿನ ರಂಗಸಂಸ್ಥೆ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯದೇ ಇದ್ದಿದ್ದರೆ, 1985ರಿಂದ ಅದರ ತಿರುಗಾಟದ ತಂಡ ಊರೂರಿಗೆ ನಾಟಕ ತರದೇ ಇದ್ದಿದ್ದರೆ, ನಮ್ಮಂಥ ಹಳ್ಳಿಯ ಶಾಲೆಗೆ ತರಬೇತಾದ ನಿರ್ದೇಶಕಿ ಎಲ್ಲಿಂದ ಬರಬೇಕು? ನಾನು ಹುಡುಗಿಯಾಗಿದ್ದಾಗ ಮೊದಲು ನೋಡಿದ ಒಳ್ಳೆಯ ನಾಟಕವೂ ತಿರುಗಾಟದ್ದೇ. ಈಕೆ ಇಪ್ಪತ್ತೆರಡು ದಿನ ನಮ್ಮ ಅಟೆಂಡರ್ ಅಕ್ಕನ ಮನೆಯಲ್ಲಿದ್ದು, ನಾವು ಕೊಟ್ಟಷ್ಟನ್ನು ಎಣಿಸದೆ ತೆಗೆದುಕೊಂಡು ಹೋದಳು. ಬಂದ ದಿನವೇ, “ಅಂಗಡಿಯಿಂದ ಏನೂ ತರೋದು ಬೇಡ, ತೋಟಕ್ಕೆ ಹೋಗೋಣ” ಅಂದಳು. ಅಡಿಕೆ ಹಾಳೆ ಇಲಿಯ ಕಿವಿಯಾಯಿತು, ಬಾಳೆನಾರು ಬಾಲವಾಯಿತು. ಬಿಸ್ಕತ್ತಿನ ಡಬ್ಬಿಗೆ ಒಣ ಅಡಿಕೆ ಹಾಕಿ ಅಲ್ಲಾಡಿಸಿದರೆ ಅಟ್ಟದ ಮೇಲೆ ಇಲಿ ಓಡುತ್ತದೆ. ಒಣಗಿದ ಹಾಳೆಯನ್ನು ಉಗುರಿನಿಂದ ಕೆರೆದರೆ ಕಣಜ ಕೊರೆಯುತ್ತದೆ. ದೀಪ ಆರಿಸಿ ಹದಿನೈದು ಮಕ್ಕಳು ಅದನ್ನು ಒಟ್ಟಿಗೆ ಕೆರೆದಾಗ ನನ್ನ ಮೈಮೇಲೆ ಮುಳ್ಳೆದ್ದವು. ತುಂಗೆಗೆ ನಮ್ಮ ಶಿಕ್ಷಕಿಯರ ಎರಡು ನೀಲಿ ಸೀರೆ.

ಅಭ್ಯಾಸದ ಕೋಣೆಗೆ ಶೀಟಿನ ಮಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಮಳೆ ಹೇಗೆ ಹೊಡೆಯುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಆ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಮಕ್ಕಳು ಹೊಟ್ಟೆಯಿಂದ ದನಿ ಎತ್ತುವುದನ್ನು ಕಲಿತದ್ದು ಆ ಮಳೆಯ ಕೆಳಗೆ. ಅದು ಯಾಕೆ ಮುಖ್ಯ ಎನ್ನುವುದು ಉತ್ಸವದ ದಿನ ತಿಳಿಯಿತು.

ಬಿಸಿಯೂಟದ ಅಕ್ಕಂದಿರು ದಿನಾ ನಾಲ್ಕೂವರೆಗೆ ತಮ್ಮ ಮನೆಯ ಅವಲಕ್ಕಿ ಕಲಸಿ ಕೊಟ್ಟರು. ಕೆಲಸ ಮುಗಿಸಿ ಮನೆಗೆ ಹೋದವರು ಮತ್ತೆ ನಡೆದು ಬರುತ್ತಿದ್ದರು, ಇದಕ್ಕೆ ಯಾರೂ ಅವರಿಗೆ ಹೇಳಿರಲಿಲ್ಲ. ಟೈಲರಣ್ಣ ವೇಷಕ್ಕೆ ಗೋಣಿಚೀಲ ಹೊಲಿದು ಎರಡು ಸೂಜಿ ಮುರಿದುಕೊಂಡರೂ ಕೂಲಿ ತೆಗೆದುಕೊಳ್ಳಲಿಲ್ಲ. ಬಸ್ಸಿನ ಮಾಲೀಕರು ಡೀಸೆಲ್ ಖರ್ಚಿಗೆ ಮಾತ್ರ ಗಾಡಿ ಕೊಟ್ಟರು. ಗಣಿತದ ಸರ್, ನಾಟಕದಲ್ಲಿದ್ದ ಮಕ್ಕಳಿಗೆ ತಪ್ಪಿದ ಲೆಕ್ಕಗಳನ್ನು ಬೆಳಗ್ಗೆ ಎಂಟಕ್ಕೆ ಬಂದು ಹೇಳಿಕೊಟ್ಟರು. ಅವರು ನಾಟಕದ ಪರವಾಗಿ ಒಂದು ಮಾತನ್ನೂ ಆಡಿದವರಲ್ಲ, ಆದರೆ ಅವರಿಲ್ಲದಿದ್ದರೆ ಅರ್ಧ ಮಕ್ಕಳನ್ನು ಮನೆಯಿಂದ ಕಳಿಸುತ್ತಿರಲಿಲ್ಲ. ಅಡಿಕೆ ಕೊಯ್ಲಿನ ನಡುವೆ, ಸುಲಿಯಲು ಕೈ ಸಾಲದೆ ಇದ್ದಾಗಲೂ ಮಕ್ಕಳನ್ನು ಕಳಿಸಿದ ಅಪ್ಪ ಅಮ್ಮಂದಿರೇ, ರಾತ್ರಿ ಹನ್ನೊಂದರವರೆಗೆ ನೀವೇ ಕೂತು ಸುಲಿದದ್ದು ನನಗೆ ಗೊತ್ತಿದೆ.

ಉತ್ಸವದಲ್ಲಿ ನಮ್ಮದು ಎರಡನೆಯ ದಿನದ ಮೂರನೆಯ ನಾಟಕ. ಇಲಿಗಳು ತುಂಗೆಗೆ ಬಿದ್ದು, ಗೌಡ ಕೊಟ್ಟ ಮಾತಿಗೆ ತಪ್ಪಿ, ಜೋಗಿ ಎರಡನೆಯ ಸಲ ಕಿಂದರಿ ಎತ್ತುವ ಹೊತ್ತಿಗೆ ಸರಿಯಾಗಿ ಮೈಕು ಸತ್ತಿತು. ಸಭೆಯಲ್ಲಿ ಗುಸುಗುಸು ಎದ್ದಿತು. ನಾನು ಪರದೆಯ ಬದಿಯಲ್ಲಿ ನಿಂತಿದ್ದೆ, ಕೈಕಾಲು ತಣ್ಣಗಾಯಿತು. ಹುಡುಗ ನನ್ನ ಕಡೆ ನೋಡಲಿಲ್ಲ, ಪೇಟಿ ಮೇಷ್ಟ್ರನ್ನು ನೋಡಿದ. ಅವರು ಕಪ್ಪು ಒಂದರ ಮೇಲೆ ಬೆರಳಿಟ್ಟು ಗಾಳಿ ಹಾಕಿದರು. ಹಾಡಿದ. ಮಳೆಯ ಕೆಳಗೆ ಕಲಿತ ದನಿ, ನಿಧಾನವಾಗಿ, ಐದು ಸ್ವರದಲ್ಲಿ. ಗುಸುಗುಸು ನಿಂತಿತು. ಪಂಚಮ ಹಿಡಿದು ನಿಂತ. ಸ್ವಲ್ಪ ನಡುಗಿತು, ಒಡೆಯಲಿಲ್ಲ. ಅವನ ಉಸಿರು ಮುಗಿಯುವುದಕ್ಕೆ ಮೊದಲು ಎಂಟನೆಯ ಆ ಹುಡುಗಿ, ಕುಪ್ಪಳಿಯಲ್ಲಿ ಇಲಿ ಕೇಳಿದವಳೇ, ಸ್ವರ ಎತ್ತಿಕೊಂಡಳು. ಮಕ್ಕಳು ಒಬ್ಬೊಬ್ಬರೇ ಬಂದು ಸೇರಿ, ಹಾಡಿಕೊಂಡೇ ರಂಗದಿಂದ ಕೆಳಗಿಳಿದು, ಜನರ ನಡುವಿನ ದಾರಿಯಲ್ಲಿ ನಡೆದು ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ಹಾಡು ದೂರವಾಗುತ್ತ ಹೋಯಿತು. ರಂಗದ ಮೇಲೆ ಕಾಲು ಬಾರದ ಹುಡುಗನೊಬ್ಬ ಉಳಿದ. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಎದ್ದು ನಿಂತು ಹಿಂದಿನ ಬಾಗಿಲನ್ನೇ ನೋಡುತ್ತಿದ್ದರು.

ಸಂಗೀತಕ್ಕೆ ಮೊದಲ ಬಹುಮಾನ ಬಂತು, ನಾಟಕಕ್ಕೆ ಬೇರೆ ಶಾಲೆಗೆ. ಆ ಶಾಲೆಯ ಮಕ್ಕಳು ತಮ್ಮೂರಿನ ಬತ್ತಿದ ಕೆರೆಯ ಮೇಲೆ ತಾವೇ ಕಟ್ಟಿದ ನಾಟಕ ಆಡಿದರು, ಅದಕ್ಕೇ ಬರಬೇಕಾಗಿತ್ತು. ನಮ್ಮ ಗೌಡನ ಪೇಟ ಕಳೆದುಹೋದಾಗ ತಮ್ಮ ಪಂಚೆ ಹರಿದು ಸುತ್ತಿಕೊಟ್ಟವರೂ ಅದೇ ಮಕ್ಕಳು.

ಹತ್ತನೆಯವರ ಫಲಿತಾಂಶ ಇಳಿದರೆ ಯಾರು ಹೊಣೆ ಎಂದು ಸಭೆಯಲ್ಲಿ ಕೇಳಿದ್ದವರೊಬ್ಬರು ನಾಟಕಕ್ಕೆ ಬಂದಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಮಕ್ಕಳಿಗೆಲ್ಲ ಕಿತ್ತಳೆ ಹಂಚಿದರು. ಅವರಿಗೂ ನಮಸ್ಕಾರ.

ಗೋಣಿಚೀಲ ಕೊಟ್ಟ ಮನೆಯವರ ಗಮನಕ್ಕೆ: 31 ಚೀಲಗಳನ್ನು ತೊಳೆದು ಒಣಗಿಸಿ ಇಟ್ಟಿದ್ದೇವೆ. ತೋಳಿಗೆಂದು ಕತ್ತರಿಸಿದ ಜಾಗಕ್ಕೆ ಟೈಲರಣ್ಣ ತೇಪೆ ಹಾಕಿದ್ದಾರೆ, ಅಡಿಕೆ ತುಂಬಲು ತೊಂದರೆ ಇಲ್ಲ. ಶನಿವಾರ ಮಧ್ಯಾಹ್ನದೊಳಗೆ ಬಂದು ಒಯ್ಯಿರಿ. ಪೇಟಿಯನ್ನು ಮೇಷ್ಟ್ರ ಮನೆಗೆ ಮುಟ್ಟಿಸಲು ಹೋದಾಗ ಅವರು ಒಳಗೆ ಇಟ್ಟುಕೊಳ್ಳಲಿಲ್ಲ, ಶಾಲೆಯಲ್ಲೇ ಇರಲಿ ಅಂದರು. ಗ್ರಂಥಾಲಯದ ಕೋಣೆಯಲ್ಲಿದೆ. ಹಾಡಲು ಬರುವ ಮಕ್ಕಳು ಸಂಜೆ ನಾಲ್ಕೂವರೆಗೆ ಬನ್ನಿ, ಬೀಗದ ಕೈ ಜೋಗಿಯ ಹತ್ತಿರ ಇರುತ್ತದೆ.