ತಾಯಿ ಕೇಳಿದ್ದು ಒಂದು ಪುಸ್ತಕದ ಹೆಸರು

ಪ್ರೀತಿಯ ಕಿರಿಯ ಮಿತ್ರರಿಗೆ,

ನಿಮ್ಮ ಹಸ್ತಪ್ರತಿಯನ್ನು ಎರಡು ಬಾರಿ ಓದಿದೆ. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಮನೆಯೊಂದರ ಕಥೆಯನ್ನು ಆ ಮನೆಯವರ ಪತ್ರಗಳಿಂದಲೇ ಹೇಳಬೇಕೆಂಬ ನಿಮ್ಮ ಸಂಕಲ್ಪ ಮೆಚ್ಚುವಂಥದ್ದು. ಆದರೆ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ತಾಯಿ ಬರೆಯುವ ಏಳು ಪತ್ರಗಳಲ್ಲಿ ಏಳರಲ್ಲಿಯೂ ಆಕೆ ಅಳುತ್ತಾಳೆ. ಮೂರನೆಯದರ ಹೊತ್ತಿಗೆ ನನಗೆ ಆ ಕಣ್ಣೀರಿನ ಮೇಲೆ ನಂಬಿಕೆ ಹೋಯಿತು. ದುಃಖವನ್ನು ಬರೆಯಲೆಂದೇ ಕಾಗದ ಹಿಡಿದು ಕೂರುವವರು ಕಡಿಮೆ. ಯಾರನ್ನೋ ಏನನ್ನೋ ಕೇಳಬೇಕಾಗಿರುತ್ತದೆ, ಯಾವುದಕ್ಕೋ ಉತ್ತರ ಕೊಡಬೇಕಾಗಿರುತ್ತದೆ. ದುಃಖ ಆ ಕೆಲಸದ ಬೆನ್ನು ಹತ್ತಿ ಬರುತ್ತದೆ.

ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದ ಇಂಗ್ಲೆಂಡಿನ ಕವಿ ವಿಲ್ಫ್ರೆಡ್ ಓವೆನ್‌ನ ಮನೆಯ ಪತ್ರಗಳನ್ನು ಒಮ್ಮೆ ನಿಧಾನವಾಗಿ ಓದಿ. ಆತ ಬರೆದವುಗಳಲ್ಲಿ ಉಳಿದಿರುವವು ಆರುನೂರಕ್ಕೂ ಹೆಚ್ಚು, ಅವುಗಳಲ್ಲಿ ಬಹುಪಾಲು ತಾಯಿ ಸೂಸನ್‌ಗೆ ಬರೆದವು. ಕೊನೆಯದು 1918ರ ಅಕ್ಟೋಬರ್ 31ರದು. ಉತ್ತರ ಫ್ರಾನ್ಸಿನಲ್ಲಿ ಅರಣ್ಯಪಾಲಕನೊಬ್ಬನ ಮನೆಯ ನೆಲಮಾಳಿಗೆಯಲ್ಲಿ ಕೂತು ಬರೆದದ್ದು. ಹಸಿ ಸೌದೆಯ ಹೊಗೆ ತುಂಬಿಕೊಂಡಿದೆ, ಹಳೆಯ ಸಿಪಾಯಿಯೊಬ್ಬ ಆಲೂಗಡ್ಡೆಯ ಸಿಪ್ಪೆ ಸುಲಿದು ಪಾತ್ರೆಗೆ ಹಾಕುತ್ತಿದ್ದಾನೆ, ಅಡುಗೆಯವನು ಸೌದೆ ಸೀಳುತ್ತಿದ್ದಾನೆ. ಇಲ್ಲಿ ಅಪಾಯವಿಲ್ಲ, ಇದ್ದರೂ ನೀನು ಈ ಸಾಲುಗಳನ್ನು ಓದುವ ಹೊತ್ತಿಗೆ ಅದು ಕಳೆದುಹೋಗಿರುತ್ತದೆ ಎಂಬ ಅರ್ಥದ ಮಾತನ್ನೂ ಆತ ತಾಯಿಗೆ ಬರೆದಿದ್ದಾನೆ. ನವೆಂಬರ್ 4ರಂದು ಓರ್ಸ್ ಗ್ರಾಮದ ಬಳಿ ಸಾಂಬ್ರ್-ವಾಜ್ ಕಾಲುವೆಯನ್ನು ದಾಟುವ ಕಾಳಗದಲ್ಲಿ ಆತ ಸತ್ತ, ವಯಸ್ಸು 25. ಸಾವಿನ ತಂತಿ ಶ್ರೂಸ್‌ಬರಿಯ ಮನೆಗೆ ಬಂದದ್ದು ನವೆಂಬರ್ 11ರಂದು, ಯುದ್ಧ ನಿಂತಿತೆಂದು ಊರಿನ ಗಂಟೆಗಳು ಬಾರಿಸುತ್ತಿದ್ದಾಗ.

ನಿಮ್ಮ ಕಥೆಯ ಮಗ ತನ್ನ ಕೊನೆಯ ಪತ್ರದಲ್ಲಿ ಸಾವಿನ ಮುನ್ಸೂಚನೆ ಕೊಡುತ್ತಾನೆ. ನಾನೂ ಇಪ್ಪತ್ತೈದರ ವಯಸ್ಸಿನಲ್ಲಿ ಇದೇ ತಪ್ಪು ಮಾಡಿದ್ದೆ, ಸಂಪಾದಕರೊಬ್ಬರು ಆ ಇಡೀ ಪುಟದ ಮೇಲೆ ಒಂದೇ ಗೀಟು ಎಳೆದು ಕಥೆಯನ್ನು ವಾಪಸು ಕಳಿಸಿದ್ದರು. ಬರೆದವನಿಗೆ ಗೊತ್ತಿಲ್ಲದಿರುವುದು ಓದುವವರಿಗೆ ಗೊತ್ತಿರುತ್ತದೆ, ಪತ್ರರೂಪದ ಕಥೆಯ ಬಲವೆಲ್ಲ ಈ ಅಂತರದಲ್ಲಿದೆ. ಮಗನಿಗೇ ಎಲ್ಲವೂ ತಿಳಿದುಬಿಟ್ಟರೆ ಆ ಅಂತರ ಮುಚ್ಚಿಹೋಗುತ್ತದೆ. ಅವನು ಆಲೂಗಡ್ಡೆಯ ಸಂಗತಿಯನ್ನೇ ಬರೆಯಲಿ.

ಇನ್ನು ತಾಯಿ. 1920ರ ಆಗಸ್ಟ್ 1ರಂದು ಸೂಸನ್ ಓವೆನ್ ರವೀಂದ್ರನಾಥ ಠಾಕೂರರಿಗೆ ಒಂದು ಪತ್ರ ಬರೆದರು. ಮಗ ಕೊನೆಯ ಬಾರಿ ಯುದ್ಧಕ್ಕೆ ಹೊರಟ ದಿನ ಇಬ್ಬರೂ ಬಿಸಿಲಿನಲ್ಲಿ ಹೊಳೆಯುವ ಕಡಲಿನಾಚೆ ಫ್ರಾನ್ಸಿನ ಕಡೆ ನೋಡುತ್ತ ನಿಂತಿದ್ದಾಗ ಆತ ಠಾಕೂರರ ಸಾಲುಗಳನ್ನು ಹೇಳಿದನೆಂದೂ, ಅವನ ಕಿಸೆಪುಸ್ತಕ ಮನೆಗೆ ಮರಳಿ ಬಂದಾಗ ಅದರಲ್ಲಿ ಅವೇ ಮಾತುಗಳು ಅವನ ಕೈಬರಹದಲ್ಲಿ, ಕೆಳಗೆ ಕವಿಯ ಹೆಸರಿನೊಂದಿಗೆ ಇದ್ದವೆಂದೂ ತಿಳಿಸಿ, ಆ ಪೂರ್ತಿ ಪದ್ಯ ಯಾವ ಪುಸ್ತಕದಲ್ಲಿ ಸಿಗುತ್ತದೆಂದು ಆಕೆ ಕೇಳುತ್ತಾರೆ. ಅದು ಗೀತಾಂಜಲಿಯ ಇಂಗ್ಲಿಷ್ ಪಾಠದ ಪದ್ಯ, ಇಲ್ಲಿಂದ ಹೊರಡುವವನ ಬೀಳ್ಕೊಡುಗೆಯ ಮಾತು. ಜಗತ್ಪ್ರಸಿದ್ಧ ಕವಿಯೊಬ್ಬರಿಗೆ ಬರೆಯುವಾಗ ಆಕೆ ಸಾಂತ್ವನವನ್ನು ಬೇಡಲಿಲ್ಲ, ಪುಸ್ತಕದ ಹೆಸರನ್ನು ಬೇಡಿದರು. ಅಷ್ಟನ್ನು ಕೇಳುವುದೂ ಹೆಚ್ಚಾದೀತೇನೋ ಎಂಬ ಸಂಕೋಚದಿಂದ.

ಆದರೆ ತಾಯಿಯ ಮಾತೆಂದ ಮಾತ್ರಕ್ಕೆ ಅದನ್ನು ಪೂಜಿಸಬೇಡಿ. ಓರ್ಸ್‌ನ ಸ್ಮಶಾನದಲ್ಲಿರುವ ಸಮಾಧಿಕಲ್ಲಿಗೆ ಮಗನದೇ ಪದ್ಯದಿಂದ ಸಾಲು ಆರಿಸಿಕೊಟ್ಟವರೂ ಈಕೆಯೇ. ಜೀವವು ಈ ದೇಹಗಳನ್ನು ಮತ್ತೆ ಚಿಗುರಿಸುವುದೇ, ಎಲ್ಲ ಸಾವನ್ನೂ ಅಳಿಸಿ ಎಲ್ಲ ಕಣ್ಣೀರನ್ನೂ ಒರೆಸುವುದೇ ಎಂದು ಕವಿ ಸಂಶಯದಿಂದ ಕೇಳುತ್ತಾನೆ. ಕಲ್ಲಿನ ಮೇಲೆ ಕಣ್ಣೀರಿನ ಭಾಗವಿಲ್ಲ, ಎರಡನೆಯ ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ, ಸಂಶಯವು ಭರವಸೆಯಾಗಿಬಿಟ್ಟಿದೆ. ಸಮಾಧಿಬರಹಕ್ಕೆ ಯುದ್ಧಸ್ಮಶಾನ ಆಯೋಗದವರು ಹಾಕಿದ್ದ ಮಿತಿ 66 ಅಕ್ಷರ, ಖಾಲಿ ಜಾಗವೂ ಸೇರಿ. ಇಂಗ್ಲಿಷಿನ ಆ ಸಾಲನ್ನು ನಾನೇ ಕೂತು ಎಣಿಸಿದೆ: 65. ಕತ್ತರಿ ಹಾಕಿದ್ದು ತಾಯಿಯ ಶ್ರದ್ಧೆಯೋ ಕಲ್ಲಿನ ಅಳತೆಯೋ ಎಂಬುದನ್ನು ನಾನು ತೀರ್ಮಾನಿಸಲಾರೆ, ನಿಮ್ಮ ಕಥೆಯಲ್ಲಿ ನೀವೂ ತೀರ್ಮಾನಿಸಬೇಡಿ. ತಮ್ಮ ಹೆರಾಲ್ಡ್ ಕೂಡ ಅಣ್ಣನ ಪತ್ರಗಳನ್ನು ಪ್ರಕಟಣೆಗೆ ಕೊಡುವ ಮುನ್ನ ಕೆಲವು ಸಾಲುಗಳ ಮೇಲೆ ಮಸಿ ಬಳಿದಿದ್ದ. ಉಳಿದವರು ಸತ್ತವನನ್ನು ತಿದ್ದುತ್ತಾರೆ, ಅದೂ ಪ್ರೀತಿಯಿಂದಲೇ. ನಿಮ್ಮ ಕಥೆಯಲ್ಲಿ ಹಾಗೆ ತಿದ್ದುವವರು ಒಬ್ಬರೂ ಇಲ್ಲ, ಎಲ್ಲರೂ ಮಗನನ್ನು ಒಂದೇ ಬಗೆಯಲ್ಲಿ ನೆನೆಯುತ್ತಾರೆ.

ಐದನೆಯ ಪತ್ರದಲ್ಲಿ ನೀವೇ ಬರೆದ ಒಂದು ಸಾಲಿದೆ: ಮಗನ ಸಾಮಾನಿನ ಪಟ್ಟಿಯಲ್ಲಿ ಕನ್ನಡಕ ಎರಡೆಂದು ಬರೆದಿರುವುದನ್ನು ನೋಡಿ, ನಮ್ಮ ಹುಡುಗನಿಗೆ ಇದ್ದದ್ದು ಒಂದೇ ಅಲ್ಲವೇ ಎಂದು ತಂದೆ ಅಧಿಕಾರಿಗೆ ಬರೆದು ಕೇಳುತ್ತಾನೆ. ಅದರ ನಂತರ ಬರುವ ಅರ್ಧ ಪುಟದ ವಿಲಾಪವನ್ನು ತೆಗೆದುಹಾಕಿ, ಆ ಪ್ರಶ್ನೆಯ ಕೆಳಗೇ ತಂದೆಯ ಸಹಿ ಬರಲಿ. ಮುಂದಿನ ಪತ್ರ ಅಧಿಕಾರಿಯ ಉತ್ತರವಾಗಲಿ. ತಿದ್ದಿದ ಪ್ರತಿಯನ್ನು ನನಗೆ ಕಳಿಸಿ.

ನಿಮ್ಮ ಹಿತೈಷಿ